ಫ್ಯಾನಿನೊಳಗಿನ ನೀಲಿ ನೂಲು

ನಾನು ಸಂಶಯದ ಹೆಂಗಸು. ಇದನ್ನು ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ, ನಾನೇ ಹೇಳಿಕೊಂಡರೆ ಏನೂ ಅನಿಸುವುದಿಲ್ಲ. ಮೀನಿನವಳು ಬುಟ್ಟಿ ಇಳಿಸಿದರೆ ಒಂದೊಂದು ಬಂಗುಡೆಯ ಕಿವಿರನ್ನೂ ಎತ್ತಿ ನೋಡುತ್ತೇನೆ. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸಿ ನೋಡದೆ ಒಳಗೆ ಬಿಡುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ತೂಕಡಿಸಿದರೆ ಅದು ನಿಜವಾದ ನಿದ್ದೆಯೇ ಎಂದು ಓರೆಗಣ್ಣಲ್ಲಿ ನೋಡಿ, ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತೇನೆ. ಇಂಥವಳಿಗೆ ತನ್ನದೇ ಲ್ಯಾಪ್‌ಟಾಪು ಬಿಸಿಯಾಗಿರುವುದು ತಿಳಿಯದೆ ಹೋದೀತೇ?

ನಮ್ಮ ಮನೆ ಮಂಕಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಶರಾವತಿಯ ಸೇತುವೆ ದಾಟಿ ಹೊನ್ನಾವರದ ಒಂದು ಪ್ರಾಥಮಿಕ ಶಾಲೆಗೆ ಕಲಿಸಲು ಹೋಗುತ್ತೇನೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಶಾಲೆಯಲ್ಲೂ ನಾನು ಅಕ್ಕೋರು, ಕೇರಿಯಲ್ಲೂ ಅಕ್ಕೋರು. ನನ್ನ ಗಂಡ ಬೋಟಿನ ತಾಂಡೇಲರು, ಚುಕ್ಕಾಣಿ ಹಿಡಿದು ಬೋಟು ನಡೆಸುವವರು. ಒಬ್ಬಳೇ ಮಗಳು, ಮಂಗಳೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಹಾಗಾಗಿ ಮನೆಯಲ್ಲಿ ಉಳಿದವರು ನಾವಿಬ್ಬರೇ. ಲ್ಯಾಪ್‌ಟಾಪು ನನ್ನದು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳಿಗೆ ಪಾಠ ರೆಕಾರ್ಡು ಮಾಡಿ ಕಳಿಸಲು ತಂದದ್ದು. ಈಗ ಶಾಲೆಯ ಮಾಹಿತಿ ತುಂಬುವುದಕ್ಕೆ, ಮಗಳ ಮುಖವನ್ನು ಸ್ವಲ್ಪ ದೊಡ್ಡದಾಗಿ ನೋಡುವುದಕ್ಕೆ ಬಳಸುತ್ತೇನೆ. ಮೀನಿನ ಕೈಯಲ್ಲಿ ಅದನ್ನು ಯಾರೂ ಮುಟ್ಟಬಾರದು ಎನ್ನುವುದು ಮನೆಯ ಕಾನೂನು. ಮನೆಯಲ್ಲಿ ಮೀನಿನ ಕೈ ಇರುವುದು ಒಬ್ಬರಿಗೇ, ಆದ್ದರಿಂದ ಕಾನೂನು ಯಾರಿಗೆ ಎಂದು ಬಿಡಿಸಿ ಹೇಳುವ ಅಗತ್ಯ ಬಿದ್ದಿರಲಿಲ್ಲ.

ಮಳೆಗಾಲದ ಆರಂಭದಲ್ಲಿ ಬೋಟುಗಳು ಕಡಲಿಗಿಳಿಯುವಂತಿಲ್ಲ, ಸರಕಾರದ ನಿಷೇಧ. ಆ ದಿನಗಳಲ್ಲಿ ಗಂಡಸರೆಲ್ಲ ದಡದ ಶೆಡ್ಡಿನಲ್ಲಿ ಸಾಲಾಗಿ ಕೂತು ಹರಿದ ಬಲೆ ಸರಿಮಾಡುತ್ತಾರೆ. ಬಲೆಯ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವು. ಯಾರ ಮನೆಯ ಮದುವೆ ಮುರಿಯಿತು, ಯಾರ ಎಂಜಿನ್ನು ಕೆಟ್ಟಿತು ಎಂಬುದೆಲ್ಲ ಆ ಶೆಡ್ಡಿನಲ್ಲೇ ತೀರ್ಮಾನವಾಗುತ್ತದೆ. ಮದುವೆಯಾದಾಗಿನಿಂದ ನೋಡಿದ್ದೇನೆ, ಬೆಳಗಿನ ಗಂಜಿ ಉಂಡು ಶೆಡ್ಡಿಗೆ ಹೊರಟರೆ ನನ್ನ ಗಂಡ ಊಟಕ್ಕೂ ಕರೆ ಕಳಿಸಿದರೆ ಮಾತ್ರ ಬರುವವರು. ಹೋದ ಮಳೆಗಾಲದಲ್ಲಿ ಮಾತ್ರ ಅವರು ಬಲೆಯ ತುಂಡುಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೇ ಬಂದರು. ಒಳಗಿನ ಕೋಣೆಯಲ್ಲಿ ನೀಲಿ ನೈಲಾನಿನ ಗುಡ್ಡೆ.

"ಇದ್ನೆಲ್ಲ ಎಂತಕ್ಕೆ ಇಲ್ಲಿಗೆ ತಂದದ್ದು?" ಎಂದು ಕೇಳಿದೆ.

"ಶೆಡ್ಡಲ್ಲಿ ಗಲಾಟೆ. ತಲೆ ನೋಯ್ತದೆ," ಎಂದರು.

ಜೀವಮಾನವಿಡೀ ಎಂಜಿನ್ನಿನ ಸದ್ದಿನ ಪಕ್ಕ ನಿಂತವರಿಗೆ ನಾಲ್ಕು ಜನರ ಮಾತು ತಲೆನೋವಂತೆ! ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಅದಾಗಿ ಕೆಲವು ದಿನಗಳಲ್ಲೇ ಲ್ಯಾಪ್‌ಟಾಪಿನ ಬಿಸಿ ನನ್ನ ಕೈಗೆ ತಾಗಿತು. ಸಂಜೆ ಶಾಲೆಯಿಂದ ಬಂದು, ಕೈಕಾಲು ತೊಳೆದು, ಮೇಜಿನ ಮೇಲಿದ್ದ ಅದನ್ನು ಎತ್ತಿಕೊಂಡರೆ ಅದರ ಹೊಟ್ಟೆ ಬೆಚ್ಚಗಿತ್ತು, ಬೆಕ್ಕು ಮಲಗಿ ಆಗಷ್ಟೇ ಎದ್ದು ಹೋದ ಚಾಪೆಯ ಹಾಗೆ. ಬೆಳಿಗ್ಗೆ ನಾನು ಅದನ್ನು ತೆರೆದೇ ಇರಲಿಲ್ಲ. ಜಗಲಿಯಲ್ಲಿ ಚಾ ಕುಡಿಯುತ್ತಿದ್ದ ಗಂಡನನ್ನು ಕೇಳಿದೆ.

"ನೀವು ಇದ್ನ ಮುಟ್ಟಿದ್ರಾ?"

"ನಾ ಎಂತಕ್ಕೆ ಮುಟ್ಟೂದು?"

ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಮರುದಿನ ಮುಚ್ಚಳದ ಸಂದಿನಲ್ಲಿ ನನ್ನದೊಂದು ತಲೆಗೂದಲು ಇಟ್ಟು ಹೋದೆ. ಸಂಜೆ ಬಂದು ನೋಡಿದರೆ ಕೂದಲು ಇರಲಿಲ್ಲ. ಗಾಳಿಗೆ ಹಾರಿರಬಹುದು ಎಂದು ಯಾರಾದರೂ ಹೇಳಬಹುದು, ನಾನು ಹೇಳಲಾರೆ. ಅಕ್ಷರದ ಗುಂಡಿಗಳನ್ನು ಮೂಸಿ ನೋಡಿದೆ. ನನ್ನ ಮೂಗು ಸುಳ್ಳು ಹೇಳುವುದಿಲ್ಲ. ಒಣ ಬಲೆಯ ಉಪ್ಪುವಾಸನೆ ಅಲ್ಲಿ ಕೂತಿತ್ತು.

ಪಾಸ್‌ವರ್ಡು ಬದಲಿಸಬಹುದಿತ್ತು. ಅದು ಮಗಳು ಹುಟ್ಟಿದ ತಾರೀಖು, ಅವರಿಗೂ ಗೊತ್ತು. ಆದರೆ ಬದಲಿಸಿದರೆ ಅವರು ಹುಷಾರಾಗಿಬಿಡುತ್ತಾರೆ, ಮತ್ತೆ ಏನೂ ತಿಳಿಯುವುದಿಲ್ಲ. ಹಾಗಾಗಿ ಬದಲಿಸಲಿಲ್ಲ. ಇಂಟರ್ನೆಟ್ಟಿನಲ್ಲಿ ಏನೇನು ನೋಡಿದ್ದಾರೆ ಎಂದು ಹುಡುಕಿದೆ. ನಾನು ನೋಡಿದ್ದಲ್ಲದೆ ಬೇರೆ ಒಂದೂ ಇರಲಿಲ್ಲ. ಇದರಿಂದ ನನಗೆ ಸಮಾಧಾನವಾಗುವ ಬದಲು ಹೆದರಿಕೆಯೇ ಆಯಿತು. ನೋಡಿದ್ದನ್ನು ಅಳಿಸಿಹಾಕುವಷ್ಟು ಇವರು ಯಾವಾಗ ಕಲಿತರು? ಯಾರು ಕಲಿಸಿದರು?

ಆಗಲೇ ಪಕ್ಕದ ಮನೆಯವಳು ಬೇಲಿಯ ಹತ್ತಿರ ನಿಲ್ಲಿಸಿ ಮಾತಾಡಿಸಿದ್ದು. ಮನೆಯಲ್ಲಿ ಅವರು ಕೊಂಕಣಿ ಆಡುವವರು, ನನ್ನ ಹತ್ತಿರ ಮಾತ್ರ ಕನ್ನಡ.

"ಅಕ್ಕೋರೆ, ನಿಮ್ಮನೇಲಿ ನೆಂಟರು ಬಂದಿದ್ರಾ?"

"ಇಲ್ಲ. ಎಂತಕ್ಕೆ?"

"ಹಗಲಿಗೆ ಯಾರೋ ಹೆಂಗಸು ಮಾತಾಡೂದು ಕೇಳ್ತಿತ್ತು. ನಿನ್ನೆಯೂ ಕೇಳ್ತು, ಮೊನ್ನೆಯೂ."

"ನಾನೇ ಇರಬೇಕು," ಎಂದೆ, ಮಾನ ಉಳಿಸಿಕೊಳ್ಳಲು.

"ಛೆ, ನಿಮ್ಮ ದನಿ ನಂಗೆ ಗೊತ್ತಿಲ್ವಾ? ನೀವಲ್ಲ. ಇದು ಭಾರಿ ನಯದ ದನಿ."

ಅವಳು ಇಷ್ಟು ಹೇಳಿ ಸೊಪ್ಪು ಕೊಯ್ಯಲು ಹೋದಳು. ನಾನು ಅಲ್ಲೇ ನಿಂತೆ. ಮೊದಲು ಅವಳ ಮೇಲೇ ಸಂಶಯ ಬಂತು, ನನ್ನ ಸಂಸಾರ ಕೆಡಿಸಿ ಇವಳಿಗೇನು ಲಾಭ ಎಂದು. ಆದರೆ ಅವಳಿಗೆ ಕಥೆ ಕಟ್ಟುವಷ್ಟು ಪುರಸೊತ್ತಿಲ್ಲ, ಮೂರು ಎಮ್ಮೆ ಸಾಕಿದವಳು. ಆಮೇಲೆ ಎಲ್ಲವೂ ತಾನಾಗಿ ಜೋಡಿಸಿಕೊಳ್ಳುತ್ತ ಹೋಯಿತು. ಶೆಡ್ಡು ಬಿಟ್ಟು ಮನೆಯಲ್ಲಿ ಕೂತದ್ದು. ಬಿಸಿ. ಸುಳ್ಳು. ನೂಲು ತರಲೆಂದು ಭಟ್ಕಳದ ಬಂದರಿಗೆ ಹೋದವರು ಶಿರಾಲಿಯಲ್ಲಿ ಇಳಿದು ಬಂದದ್ದು, ಅಲ್ಲಿ ಗೆಳೆಯನಿದ್ದಾನೆ ಎಂದದ್ದು. ಯಾವ ಗೆಳೆಯ? ಗೆಳೆಯನೋ, ಗೆಳತಿಯೋ?

ಆ ರಾತ್ರಿ ಅನ್ನ ಬಡಿಸುವಾಗ ಸೌಟನ್ನು ಪಾತ್ರೆಗೆ ಕುಕ್ಕಿದೆ. ಸಿಟ್ಟಿನಿಂದ ಎಂದುಕೊಂಡೆ, ಅದು ಹೆದರಿಕೆ. ಮಗಳು ಹಾಸ್ಟೆಲಿಗೆ ಹೋದ ಮೇಲೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಸಾರಿಗೆ ಉಪ್ಪು ಸಾಲದು, ಮಾಡು ಸೋರುತ್ತದೆ, ಮಗಳು ಫೋನು ಮಾಡಿದ್ದಳೇ, ಇಷ್ಟೇ. ಆದರೂ ಇದ್ದದ್ದು ನಮ್ಮದು ಎಂಬ ಧೈರ್ಯವಿತ್ತು. ಈಗ ಹಗಲು ಹೊತ್ತಿನಲ್ಲಿ, ನನ್ನದೇ ಮನೆಯಲ್ಲಿ, ನನ್ನದೇ ಲ್ಯಾಪ್‌ಟಾಪಿನ ಎದುರು ಕೂತು ಅವರು ಯಾವಳೋ ನಯದ ದನಿಯವಳ ಮಾತು ಕೇಳುತ್ತಿದ್ದಾರೆ. ಅವಳು ಮುಂದೊಂದು ದಿನ ಇವರನ್ನು ಕರೆದುಕೊಂಡು ಹೋದರೆ ನಾನು ಯಾರ ಹತ್ತಿರ ಸಾರಿಗೆ ಉಪ್ಪು ಸಾಲದು ಎಂದು ಹೇಳಿಸಿಕೊಳ್ಳಬೇಕು?

ಅಷ್ಟರಲ್ಲಿ ಲ್ಯಾಪ್‌ಟಾಪೇ ಕೈಕೊಡತೊಡಗಿತು. ತೆರೆದ ಕೂಡಲೇ ಫ್ಯಾನು ಬೊಬ್ಬೆ ಹೊಡೆಯುವುದು, ಸ್ವಲ್ಪ ಹೊತ್ತಿಗೆ ಪೂರ್ತಿ ಆರಿಹೋಗುವುದು. ಮಗಳಿಗೆ ಫೋನು ಮಾಡಿದರೆ, "ಅಮ್ಮಾ, ಫ್ಯಾನಿಗೆ ಧೂಳು ತುಂಬಿರ್ತದೆ. ಬಿಸಿ ಹೊರಗೆ ಹೋಗೂಕೆ ದಾರಿ ಇಲ್ಲದಿದ್ರೆ ಅದೇ ಬಂದ್ ಆಗ್ತದೆ. ಅಂಗಡಿಗೆ ಕೊಡು," ಎಂದಳು.

ಹೊನ್ನಾವರದಲ್ಲಿ ಅಂಗಡಿ ಇಲ್ಲವೆಂದಲ್ಲ. ಅಲ್ಲಿ ಎಲ್ಲರಿಗೂ ನನ್ನ ಪರಿಚಯ. ಒಳಗೆ ಏನಾದರೂ ಸಿಕ್ಕಿದರೆ ಸುದ್ದಿ ನನಗಿಂತ ಮೊದಲೇ ಮಂಕಿಗೆ ತಲುಪುತ್ತದೆ. ಅದಕ್ಕೆ ಶನಿವಾರ ಶಾಲೆ ಬಿಟ್ಟ ಮೇಲೆ ನೇರ ಕುಮಟಾದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಮೊಬೈಲು ಕಂಪ್ಯೂಟರು ಎರಡೂ ರಿಪೇರಿ ಮಾಡುವ ಸಣ್ಣ ಅಂಗಡಿ. ಅಂಗಡಿಯವ ಲ್ಯಾಪ್‌ಟಾಪನ್ನು ಓರೆಯಾಗಿ ಹಿಡಿದು, ಗಾಳಿ ಹೋಗುವ ಸಂದಿಗೆ ಟಾರ್ಚು ಬಿಟ್ಟು ನೋಡಿದ.

"ಅಕ್ಕಾ, ಇದ್ನ ಎಲ್ಲಿ ಇಟ್ಕಂಡು ಕೆಲಸ ಮಾಡ್ತ್ರಿ?"

"ಮೇಜಿನ ಮೇಲೆ."

"ಮೇಜಿನ ಮೇಲಿಟ್ರೆ ಇಷ್ಟು ಕಸ ಬರೂದಿಲ್ಲ. ಒಳಗೆ ಎಂತದೋ ನೀಲಿ ಕಾಣ್ತದೆ. ಬಿಟ್ಟು ಹೋಗಿ, ಸೋಮವಾರ ಕೊಡ್ತೆ."

"ನನ್ನ ಎದುರಿಗೇ ಬಿಚ್ಚಿ."

"ಹಾಗೆಲ್ಲ ಗಿರಾಕಿ ಎದುರು ಬಿಚ್ಚೂದಿಲ್ಲ ಅಕ್ಕಾ."

ಎಂತಕ್ಕೆ ಬಿಚ್ಚುವುದಿಲ್ಲ? ಒಳಗಿನ ಒಳ್ಳೆಯದನ್ನು ತೆಗೆದು ಹಳೆಯದನ್ನು ಹಾಕಲಿಕ್ಕೋ? ಅದಕ್ಕಿಂತ ಹೆಚ್ಚಾಗಿ, ಆ ನೀಲಿ ಬಣ್ಣವನ್ನು ನನಗಿಂತ ಮೊದಲು ಇನ್ನೊಬ್ಬ ನೋಡುವುದು ನನಗೆ ಬೇಡವಾಗಿತ್ತು. ಅವನ ಕೈಯಿಂದ ಲ್ಯಾಪ್‌ಟಾಪನ್ನು ಕಿತ್ತುಕೊಂಡ ಹಾಗೆಯೇ ತೆಗೆದುಕೊಂಡೆ. ಸಣ್ಣ ಸ್ಕ್ರೂಡ್ರೈವರುಗಳ ಒಂದು ಪೆಟ್ಟಿಗೆ ಮಾತ್ರ ಕೊಂಡು ಮನೆಗೆ ಬಂದೆ.

ಮರುದಿನ ಭಾನುವಾರ. ಬೆಳಿಗ್ಗೆಯೇ ಜಗಲಿಯಲ್ಲಿ ಬಿಳಿ ಪಂಚೆ ಹಾಸಿದೆ. ಬಿಳಿಯದೇ ಯಾಕೆಂದರೆ ಒಳಗಿಂದ ಬಿದ್ದದ್ದು ಒಂದೊಂದೂ ಕಾಣಬೇಕು. ಮೊಬೈಲಿನಲ್ಲಿ ಲ್ಯಾಪ್‌ಟಾಪು ಬಿಚ್ಚುವ ವಿಡಿಯೋ ಹಚ್ಚಿ ಗೋಡೆಗೆ ಆನಿಸಿ ಇಟ್ಟೆ. ಗಂಡ ಸ್ವಲ್ಪ ಆಚೆಗೆ ಕೂತು ಬಲೆಗೆ ಗಂಟು ಹಾಕುತ್ತಿದ್ದರು. ಅವರು ಅಲ್ಲಿರಬೇಕೆಂದೇ ನಾನು ಆ ಜಾಗ ಆರಿಸಿದ್ದು. ಫ್ಯಾನಿನಿಂದ ಏನು ಬೀಳುತ್ತದೆ ಎಂಬುದರ ಜೊತೆಗೆ, ಅದು ಬೀಳುವಾಗ ಅವರ ಮುಖ ಹೇಗಾಗುತ್ತದೆ ಎಂಬುದೂ ನನಗೆ ಬೇಕಿತ್ತು.

ಸ್ಕ್ರೂಗಳನ್ನು ತೆಗೆದು ಸ್ಟೀಲು ಬಟ್ಟಲಿಗೆ ಹಾಕುತ್ತ ಹೋದೆ. ಕಡಲ ಗಾಳಿಗೆ ಒಂದೆರಡು ತುಕ್ಕು ಹಿಡಿದಿದ್ದವು, ಒತ್ತಿ ತಿರುಗಿಸಬೇಕಾಯಿತು. ಎಲ್ಲ ತೆಗೆದ ಮೇಲೂ ತಳದ ಮುಚ್ಚಳ ಏಳಲೊಲ್ಲದು. ಉಗುರು ಹಾಕಿದೆ, ಉಗುರು ಮುರಿಯಿತು. ಚೂರಿ ತರಲು ಏಳುವಷ್ಟರಲ್ಲಿ ಗಂಡ ತಮ್ಮ ಬಲೆ ಸೂಜಿ ಮುಂದೆ ಚಾಚಿದರು. ಚಪ್ಪಟೆ ಪ್ಲಾಸ್ಟಿಕ್ಕಿನ, ತುದಿ ತೆಳ್ಳಗಿನ ಸೂಜಿ.

"ಇದ್ನ ಸಂದಿಗೆ ತೂರ್ಸು. ಗೀರು ಬೀಳೂದಿಲ್ಲ."

ಇಷ್ಟು ಉಪಕಾರ ಎಂತಕ್ಕೆ? ಎಂದುಕೊಂಡೇ ಸೂಜಿ ತೆಗೆದುಕೊಂಡೆ. ಸುತ್ತಲೂ ತೂರಿಸಿ ಜಾರಿಸಿದರೆ ಟಕ್ ಟಕ್ ಎಂದು ಮುಚ್ಚಳ ಬಿಟ್ಟುಕೊಂಡಿತು. ವಿಡಿಯೋದಲ್ಲಿ ಹೇಳಿದ ಹಾಗೆ ಮೊದಲು ಬ್ಯಾಟರಿಯ ವಯರಿನ ಕೊಂಡಿಯನ್ನು ಎಳೆದು ಬಿಡಿಸಿದೆ, ಕರೆಂಟು ಇರುವಾಗ ಒಳಗೆ ಕೈ ಹಾಕಬಾರದಂತೆ. ಆಮೇಲೆ ಫ್ಯಾನನ್ನು ನೋಡಿದೆ.

ಅಂಗಡಿಯವ ಹೇಳಿದ್ದು ಸುಳ್ಳಾಗಲಿ, ಬರೀ ಸೀಮೆಸುಣ್ಣದ ಪುಡಿ ಇರಲಿ ಎಂದು ಒಳಗೊಳಗೇ ಆಸೆಪಟ್ಟಿದ್ದೆ. ಅಲ್ಲಿದ್ದದ್ದು ನೀಲಿ. ಫ್ಯಾನಿನ ಎಲೆಗಳಿಗೆ ನೀಲಿ ಎಳೆ ಸುತ್ತಿಕೊಂಡಿತ್ತು. ಬಿಸಿ ಹೊರಗೆ ಹೋಗುವ ತಾಮ್ರದ ಸಣ್ಣ ಹಲ್ಲುಗಳ ಬಾಯಿಗೆ ನೈಲಾನಿನ ನಾರು, ಧೂಳು, ಉಪ್ಪು ಎಲ್ಲ ಸೇರಿ ಕಂಬಳಿಯ ತುಂಡಿನಂತೆ ದಪ್ಪಗೆ ಕೂತಿತ್ತು. ಅದರ ನಡುವೆ ಮೀನಿನ ಒಂದು ಹುರುಪೆ, ಒಣಗಿ ಹೊಳೆಯುತ್ತಿತ್ತು.

"ಇದು ಎಂತದು?"

"ಧೂಳು."

"ಧೂಳು ನೀಲಿ ಇರ್ತದಾ?"

"ಬಲೆ ಕೊಡವಿದ್ದಲ್ಲ, ಗಾಳಿಗೆ ಬಂದಿರೂದು."

"ಮೀನಿನ ಹುರುಪೆಯೂ ಗಾಳಿಗೆ ಹಾರಿ ಬಂತಾ?"

ಅವರು ತಲೆ ತಗ್ಗಿಸಿ ಗಂಟು ಹಾಕತೊಡಗಿದರು. ಹಾಕಿದ ಗಂಟು ತಪ್ಪಿತು, ಬಿಚ್ಚಿ ಮತ್ತೆ ಹಾಕಿದರು. ಬಲೆಯ ಗಂಟು ತಪ್ಪುವ ಜನ ಅವರಲ್ಲ. ಸರಿ, ಲ್ಯಾಪ್‌ಟಾಪು ಬಲೆಯ ಗುಡ್ಡೆಯ ಮೇಲೆಯೇ ಕೂತಿತ್ತು ಎಂಬುದಷ್ಟು ಖಾತ್ರಿಯಾಯಿತು. ಯಾರ ಜೊತೆ ಮಾತಿಗೆ ಎಂಬುದೊಂದು ಬಾಕಿ.

ಕೆಲಸ ಮುಂದುವರಿಸಿದೆ. ಫ್ಯಾನು ತಿರುಗದ ಹಾಗೆ ಪೊರಕೆಯ ಹಿಡಿಕಡ್ಡಿಯೊಂದನ್ನು ಎಲೆಗಳ ನಡುವೆ ಸಿಕ್ಕಿಸಿದೆ. ಚಿಮಟಿಗೆಯಿಂದ ಆ ನೀಲಿ ಕಂಬಳಿಯನ್ನು ಮೆಲ್ಲಗೆ ಎಳೆದು ತೆಗೆದೆ, ಇಡಿಯಾಗಿ ಬಂತು. ಎಲೆಗಳಿಗೆ ಸುತ್ತಿದ ಎಳೆಗಳನ್ನು ಒಂದೊಂದಾಗಿ ಬಿಡಿಸಿದೆ. ಮಗಳ ಚಿತ್ರದ ಬ್ರಶ್ಶಿನಿಂದ ಮೂಲೆ ಮೂಲೆ ಗುಡಿಸಿದೆ. ಹಲ್ಲುಗಳ ನಡುವಿನ ಧೂಳು ಇನ್ನೂ ಹೊರಡಲಿಲ್ಲ. ಗಂಡ ಎದ್ದು ಒಳಗೆ ಹೋಗಿ ಒಲೆಯ ಊದುಗೊಳವೆ ಹಿಡಿದುಕೊಂಡು ಬಂದರು.

"ಬಾಯಲ್ಲಿ ಊದಬೇಡಿ, ಎಂಜಲು ಹೋಗ್ತದೆ," ಎಂದು ಗದರಿದೆ.

ಮಗಳ ಹಳೇ ಸೈಕಲ್ಲಿನ ಪಂಪು ಮೂಲೆಯಲ್ಲಿತ್ತು. ಅದನ್ನು ತಂದು ಅವರೇ ಒತ್ತಿದರು, ನಾನು ಕೊಳವೆ ಹಿಡಿದೆ. ಒತ್ತಿದ ಹಾಗೆಲ್ಲ ಬೂದು ಬಣ್ಣದ ಹೊಗೆ ಎದ್ದು ಇಬ್ಬರ ಮೂಗಿಗೂ ನುಗ್ಗಿತು. ಇಬ್ಬರೂ ಸೀನಿದೆವು. ಪಂಪು ಒತ್ತುತ್ತ ಅವರು, ಯಾವುದೋ ಸಣ್ಣ ವಿಷಯ ಎಂಬಂತೆ, ಆಚೆ ನೋಡುತ್ತ ಕೇಳಿದರು.

"ಹಾಂಗೆ, ಇದ್ನ ಬಿಚ್ಚಿ ತೊಳೆದ್ರೆ ಒಳಗಿದ್ದದ್ದು ಎಂತಾದ್ರೂ ಹೋಗೂದಾ?"

ಸಿಕ್ಕಿದರು ಎಂದುಕೊಂಡೆ. ಅದನ್ನು ಮುಟ್ಟಿಯೇ ಇಲ್ಲದವರಿಗೆ ಒಳಗಿದ್ದದ್ದು ಉಳಿದರೇನು, ಹೋದರೇನು?

"ನಿಮ್ಮದು ಎಂತ ಇತ್ತು ಒಳಗೆ?"

"ನನ್ನದು ಎಂತ ಇಲ್ಲ. ಸುಮ್ನೆ ಕೇಳಿದೆ."

ಸುಮ್ಮನೆ ಯಾರೂ ಏನೂ ಕೇಳುವುದಿಲ್ಲ. ಹಿಡಿಕಡ್ಡಿಯನ್ನು ತೆಗೆದು ಮುಚ್ಚಳ ಮುಚ್ಚಿದೆ. ಸ್ಕ್ರೂ ಹಾಕುವ ಮೊದಲು ಒಮ್ಮೆ ನೋಡೋಣವೆಂದು ಲ್ಯಾಪ್‌ಟಾಪನ್ನು ತಿರುಗಿಸಿ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ದೀಪವಿಲ್ಲ, ಸದ್ದಿಲ್ಲ, ಪರದೆ ಕಪ್ಪು. ಒಂದು ಕ್ಷಣ ನಾನೇ ಕೆಡಿಸಿಬಿಟ್ಟೆ ಎಂದುಕೊಂಡೆ. ಮರುಕ್ಷಣವೇ ನೆನಪಾಯಿತು, ಬಿಡಿಸಿದ ಬ್ಯಾಟರಿ ಕೊಂಡಿಯನ್ನು ನಾನು ತಿರುಗಿ ಸಿಕ್ಕಿಸಿರಲಿಲ್ಲ. ಮುಚ್ಚಳ ಎತ್ತಿ ಒತ್ತಿದರೆ ಮುಗಿಯುವ ಕೆಲಸ.

ಆದರೆ ಅಷ್ಟು ಹೊತ್ತಿಗೆ ನಾನು ಗಂಡನ ಮುಖ ನೋಡಿದ್ದೆ. ಪಂಪು ಹಿಡಿದ ಕೈ ಹಾಗೆಯೇ ನಿಂತಿತ್ತು. ಗಾಳಿ ಮಳೆಯಲ್ಲಿ ಬೋಟು ತಿರುಗಿಸಿಕೊಂಡು ಬಂದ ದಿನವೂ ಅವರ ಮುಖ ಹಾಗೆ ಕಂಡಿರಲಿಲ್ಲ.

"ಎಂತಾತು?" ಎಂದರು.

"ಹೋತು," ಎಂದೆ.

"ಎಂತ ಹೋತು?"

"ಒಳಗಿದ್ದದ್ದು ಎಲ್ಲಾ ಹೋತು. ಇನ್ನು ಬರೂದಿಲ್ಲ."

ಬೇಕೆಂದೇ ಹೇಳಿದ ಸುಳ್ಳು. ಇನ್ನು ಬಾಯಿ ಬಿಡುತ್ತಾರೆ, ಆ ಹೆಂಗಸಿನ ಹೆಸರು ಹೊರಗೆ ಬರುತ್ತದೆ ಎಂದು ಕಾದೆ. ಅವರು ಪಂಪನ್ನು ಗೋಡೆಗೆ ಒರಗಿಸಿದರು. ಅದು ಜಾರಿ ಬಿತ್ತು, ಎತ್ತಲಿಲ್ಲ. ಬಲೆಯ ಮೇಲೆ ಕೂತುಬಿಟ್ಟರು.

"ಪಾಠವೂ ಹೋತಾ?"

ನನಗೆ ತಿಳಿಯಲಿಲ್ಲ. "ಯಾವ ಪಾಠ?"

"ನಿನ್ನ ಪಾಠ. ನಾಲ್ಕನೇತ್ತಿದು."

"ನನ್ನ ಪಾಠ ನಿಮಗೆಂತಕ್ಕೆ?"

ಆಗ ಅವರು ಹೇಳಿದರು, ಮುಖ ಕೊಡದೆ, ಬಲೆಯ ಕಣ್ಣುಗಳಲ್ಲಿ ಬೆರಳು ತೂರಿಸುತ್ತ. ಬೇಸಗೆ ರಜೆಗೆ ಬಂದ ಮಗಳು ಒಂದು ದಿನ, ನಾನು ಮನೆಯಲ್ಲಿ ಇಲ್ಲದಾಗ, ಕೊರೊನಾ ಕಾಲದಲ್ಲಿ ನಾಲ್ಕನೇ ತರಗತಿಗೆಂದು ಮಾಡಿ ಅದರೊಳಗೇ ಉಳಿದಿದ್ದ ನನ್ನ ಪಾಠಗಳನ್ನು ಹಚ್ಚಿ ನಗುತ್ತ ಕೂತಿದ್ದಳಂತೆ. ಇವರೂ ನೋಡಿದರಂತೆ. ಮಗಳು ಹೋದ ಮೇಲೂ ನೋಡಬೇಕೆನಿಸಿತಂತೆ. ಹಚ್ಚುವುದು ಹೇಗೆ ಎಂದು ಅವಳೇ ಫೋನಿನಲ್ಲಿ ಹೇಳಿಕೊಟ್ಟಳಂತೆ. ಶೆಡ್ಡಿನಲ್ಲಿ ಕೂತರೆ ಕೇಳಲಾಗುವುದಿಲ್ಲ, ಅದಕ್ಕೆ ಬಲೆಯನ್ನು ಮನೆಗೆ ತಂದರಂತೆ. ಎರಡು ಕೈಯೂ ಗಂಟಿನಲ್ಲಿ ಇರುವಾಗ ಹತ್ತಿರ ಇರಲೆಂದು ಲ್ಯಾಪ್‌ಟಾಪನ್ನು ಬಲೆಯ ಗುಡ್ಡೆಯ ಮೇಲೆಯೇ ಇಡುತ್ತಿದ್ದರಂತೆ.

"ಮೂರನೇತ್ತಿಗೇ ಶಾಲೆ ಬಿಟ್ಟು ದೋಣಿ ಹತ್ತಿದವ ನಾನು. ನಾಲ್ಕನೇತ್ತಿ ಹೇಗಿರ್ತದೆ ಅಂತ ಗೊತ್ತಿರ್ಲಿಲ್ಲ," ಎಂದರು. "ಅರ್ಧಕ್ಕರ್ಧ ಬಂದ್ ಆಗ್ತಿತ್ತು. ನನ್ನ ಕೈಯಲ್ಲೇ ಹಾಳಾತು ಅಂತ ಹೆದರಿದ್ದೆ."

"ಶಿರಾಲಿಯ ಗೆಳೆಯ?"

"ಅವನ ಹೆಂಡ್ತಿಗೆ ಕಾಲು ಮುರಿದಿತ್ತು, ನೋಡೂಕೆ ಹೋದದ್ದು. ಅವನೆಲ್ಲಿ ಬಂದ ಇದರ ನಡುವೆ?"

ನಾನು ಬಂದ ನಗುವನ್ನು ತಡೆಯಲಾರದೆ ಸೆರಗು ಬಾಯಿಗಿಟ್ಟೆ. ನಗುವಿನ ಜೊತೆಗೆ ಕಣ್ಣಲ್ಲಿ ನೀರೂ ಬಂತು. ಬೇರೆ ಹೆಂಗಸಿಲ್ಲ. ಇರುವವಳು ನಾನೇ. ಒಂದು ಮಳೆಗಾಲ ನನ್ನನ್ನು ಸುಟ್ಟವಳು ನಾನೇ! ನೆರೆಮನೆಯವಳಿಗೆ ನನ್ನ ದನಿಯ ಗುರುತು ಹತ್ತದೆ ಹೋದದ್ದು ಮಾತ್ರ ಆ ಸಂತೋಷದಲ್ಲೂ ಚೂರು ಚುಚ್ಚಿತು, ಹುಳಿ ಹಿಂಡಲೆಂದೇ ಹಾಗೆ ಹೇಳಿದಳೇನೋ ಎನಿಸಿತು.

"ಏಳಿ, ಎಂತದೂ ಹೋಗ್ಲಿಲ್ಲ," ಎಂದು ಮುಚ್ಚಳ ಎತ್ತಿ ಕೊಂಡಿ ಒತ್ತಿದೆ. ಗುಂಡಿ ಒತ್ತಿದ ಕೂಡಲೇ ದೀಪ ಬಂತು. ಫ್ಯಾನಿನ ಸದ್ದೇ ಇಲ್ಲ. ಸಂದಿನ ಮುಂದೆ ಅಂಗೈ ಹಿಡಿದರೆ ಬೆಚ್ಚನೆಯ ಗಾಳಿ ಮೆಲ್ಲಗೆ ಹೊರಗೆ ಬರುತ್ತಿತ್ತು. ಗಂಡ ಹತ್ತಿರ ಬಂದು ತಾವೂ ಅಂಗೈ ಹಿಡಿದು ನೋಡಿದರು. ಬಿದ್ದಿದ್ದ ಪಂಪನ್ನು ಎತ್ತಿ ಮೂಲೆಗಿಟ್ಟರು, ಅಷ್ಟೇ. ಅವರ ಸುಳ್ಳಿಗೂ ನನ್ನ ಸುಳ್ಳಿಗೂ ಸರಿಹೋಯಿತು ಎಂದು ಲೆಕ್ಕ ಹಾಕಿದರೋ ಏನೋ.

ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಇಷ್ಟು ವರ್ಷ ಪಾಠ ಹೇಳಿದವಳು, ಮನೆಯಲ್ಲೇ ಕಲಿಯುವ ಆಸೆ ಇದ್ದವರನ್ನು ನೋಡದೆ ಹೋದೆನಲ್ಲ ಎನಿಸಿತು.

"ಲ್ಯಾಪ್‌ಟಾಪು ಎಂತಕ್ಕೆ? ದಿನಾ ಸಂಜೆ ನಾನೇ ಹೇಳಿಕೊಡ್ತೆ," ಎಂದೆ.

"ಬೇಡ."

ಯೋಚಿಸಲು ಒಂದು ಉಸಿರಿನಷ್ಟು ಹೊತ್ತನ್ನೂ ಅವರು ತೆಗೆದುಕೊಳ್ಳಲಿಲ್ಲ.

"ಎಂತಕ್ಕೆ ಬೇಡ? ಅದೂ ನಾನೇ, ಇದೂ ನಾನೇ."

ಅವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದರು.

"ನಂಗೆ ಆ ಅಕ್ಕೋರೇ ಸಾಕು," ಎಂದರು.

ಆಮೇಲೆ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, ದಪ್ಪ ಬೆರಳಿನಿಂದ ಒತ್ತಿ, ಒಂದು ಪಾಠ ಹಚ್ಚಿದರು. ಈ ಸಲ ಅದನ್ನು ಬಲೆಯ ಮೇಲಿಡಲಿಲ್ಲ, ಕಾಲುಮಣೆಯ ಮೇಲಿಟ್ಟರು. ಪರದೆಯಲ್ಲಿ ನಾನು. ಇದೇ ಜಗಲಿಯ ಗೋಡೆ, ಹಳೇ ಹಸಿರು ಸೀರೆ, ಮುಖ ಸ್ವಲ್ಪ ತೆಳ್ಳಗೆ. ಎದುರಿಗೆ ಒಂದು ಮಗುವೂ ಇಲ್ಲದಿದ್ದರೂ ಎಲ್ಲ ಮಕ್ಕಳೂ ಅಲ್ಲೇ ಕೂತಿದ್ದಾರೆ ಎಂಬಂತೆ ಪರದೆಯವಳು ನಗುತ್ತ ಮಾತಾಡುತ್ತಿದ್ದಳು. ಆ ದನಿ ಕೇಳಿ ನನಗೆ ಅಪರಿಚಿತಳನ್ನು ಕಂಡಂತಾಯಿತು. ನೆರೆಮನೆಯವಳು ಸುಳ್ಳು ಹೇಳಿರಲಿಲ್ಲ. ಆ ದನಿಯಲ್ಲಿ ಯಾರ ಮೇಲೂ ಸಂಶಯವಿರಲಿಲ್ಲ.

ಏಳರ ಮಗ್ಗಿ ನಡೆಯುತ್ತಿತ್ತು. ಗಂಡ ಸೂಜಿ ಹಿಡಿದು ಗಂಟು ಹಾಕುತ್ತ, ಅವಳ ಜೊತೆಗೆ ತುಟಿಯಲ್ಲೇ ಹೇಳುತ್ತಿದ್ದರು.

"ಈಗ ನೀವೇ ಹೇಳಬೇಕು. ಏಳೆಂಟಲೆ ಎಷ್ಟು?" ಎಂದು ಅವಳು ಕೇಳಿ, ಉತ್ತರಕ್ಕೆ ಕಾದಳು.

"ಐವತ್ನಾಲ್ಕು," ಎಂದರು ಗಂಡ, ಗಟ್ಟಿಯಾಗಿ.

"ಅಯ್ಯೋ ನಿಮ್ಮ! ಐವತ್..." ಎಂದು ನಾನು ಬಾಯಿ ತೆರೆದೆ.

ಅವರು ಸೂಜಿ ಹಿಡಿದ ಕೈಯನ್ನೇ ಎತ್ತಿ ನನ್ನನ್ನು ತಡೆದರು. ಕಣ್ಣು ಪರದೆಯಿಂದ ಕದಲಲಿಲ್ಲ.

"ಐವತ್ತಾರು," ಎಂದಳು ಅವಳು. "ಯಾರದ್ದೆಲ್ಲ ತಪ್ಪಿತು? ಅಡ್ಡಿಲ್ಲ. ಸಣ್ಣಕ್ಕಿದ್ದಾಗ ನಂಗೂ ಇದೇ ತಪ್ಪುತ್ತಿತ್ತು. ಇನ್ನೊಂದು ಸಲ ಹೇಳುವಾ, ಬನ್ನಿ."

"ಏಳೊಂದಲೆ ಏಳು," ಎಂದು ಗಂಡ ಮೊದಲಿನಿಂದ ಶುರುಮಾಡಿದರು. ಮುಖದಲ್ಲಿ ಸಣ್ಣ ನಗುವಿತ್ತು. ನನ್ನ ಮಾತಿಗೆ ಅವರ ಮುಖದಲ್ಲಿ ಆ ನಗು ಬಂದು ಎಷ್ಟು ಕಾಲವಾಯಿತೋ ನೆನಪಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮನೆಯಿಂದ ಹೊರಗೆ ಹಾಕಬಹುದಿತ್ತು. ಇವಳನ್ನು ಏನು ಮಾಡುವುದೆಂದು ತಿಳಿಯದೆ, ಪಂಚೆಯ ಮೇಲೆ ಬಿದ್ದ ನೀಲಿ ನೂಲನ್ನು ಬಳಿಯುತ್ತ, ಅವರ ಮಗ್ಗಿ ಮುಗಿಯುವ ತನಕ ನಾನು ಬಾಯಿ ಮುಚ್ಚಿಕೊಂಡು ಕೂತೆ.